ಉಪ್ಪಿನ ಲೆಕ್ಕ

ನಲ್ಲಿ ಬರುವುದು ವಾರಕ್ಕೊಮ್ಮೆ, ಅದೂ ನಡುರಾತ್ರಿ.
ತುಂಗಭದ್ರೆಯನ್ನು ಡ್ರಮ್ಮಿಗೆ ಹಿಡಿದು, ಸೋಸಿ,
ಉಪ್ಪು ಸುರಿದು ಕದಡುತ್ತೇನೆ,
ಲೀಟರಿಗೆ ಮೂವತ್ತೈದು ಗ್ರಾಂ.
ಬೆಳಗಾಗುವುದರೊಳಗೆ
ಕೌಲ್ ಬಜಾರಿನ ಓಣಿಯೊಂದರಲ್ಲಿ
ಇನ್ನೂರು ಲೀಟರು ಸಮುದ್ರ.

ನಾನು ಸಮುದ್ರ ಕಂಡವಳಲ್ಲ.
ಅದಿರು ಲಾರಿಯಲ್ಲಿ ಕಾರವಾರ ಮುಟ್ಟಿಬಂದ ಅಣ್ಣನನ್ನು ಕೇಳಿದರೆ
'ಅದರಾಗೇನೈತೆ, ನೀರು' ಅಂದ.

ಇದಕ್ಕೂ ಮುಂಚೆ ಆರು ವರ್ಷ ಜೀನ್ಸ್ ತೊಳೆದೆ.
ಮೊಣಕೈವರೆಗೂ ನೀಲಿ, ಉಗುರಿನಲ್ಲಿ ನೀಲಿ,
ಕಲಸಿದ ಅನ್ನದ ಅಂಚಿಗೂ.
ಆ ನೀಲಿ ಚರಂಡಿಗಿಳಿದು ಎತ್ತ ಹೋಯಿತೆಂದು
ಯಾರೂ ಕೇಳಲಿಲ್ಲ. ನಾನೂ.

ಕೆಲಸಕ್ಕೆ ಸೇರಿದ ದಿನ ಶಾಷಾವಲಿ ಸೇಠರು ಹೇಳಿದ್ದಿಷ್ಟು:
'ಹೊನ್ನೂರಮ್ಮ, ಮೀನಿಗೆ ರೆಪ್ಪೆ ಇರಂಗಿಲ್ಲ.
ನಿದ್ದಿ ಮಾಡೈತೋ ಸತ್ತೈತೋ
ನೀನೇ ನೋಡಿ ತಿಳ್ಕೋಬೇಕು.'

ಚೆನ್ನೈಯಿಂದ ಡಬ್ಬಿ ಬರುತ್ತದೆ,
ಗುಂತಕಲ್ಲಿನಲ್ಲಿ ರೈಲು ಬದಲಿಸಿ.
ಒಂದೊಂದು ಕವರಿನಲ್ಲಿ ಒಂದೊಂದು ಉಸಿರು.
ಸಣ್ಣ ಪೈಪು ಕಟ್ಟಿ ಹನಿಹನಿಯಾಗಿ
ನಮ್ಮ ನೀರನ್ನು ಅದರ ನೀರಿಗೆ ಪರಿಚಯ ಮಾಡಿಸಬೇಕು.
ಆತುರಪಟ್ಟರೆ ಸಾಯುತ್ತವೆ.
ಆತುರಪಡದಿದ್ದರೂ ಕೆಲವು.

ಅವೇ ನನ್ನನ್ನು ಕಾಡಿದವು.
ಬಣ್ಣ ಕುಂದಿಲ್ಲ, ಕೊಟ್ಟಿದ್ದು ತಿನ್ನುತ್ತವೆ,
ಹತ್ತು ದಿನಕ್ಕೆ ಹೊಟ್ಟೆ ಒಳಸೇರಿ
ಮೂಲೆಯಲ್ಲಿ ಓರೆಯಾಗಿ ನಿಲ್ಲುತ್ತವೆ.
ಎಲ್ಲೋ ಹವಳದ ಸಂದಿಗೆ ಯಾರೋ ಸೈನೈಡ್ ಚಿಮ್ಮಿಸಿ
ಅಮಲೇರಿದ ಮೀನನ್ನು ಬಾಚಿಕೊಂಡಿದ್ದಾನೆ.
ಅವನ ಮಗಳಿಗೂ ಶಾಲೆಯ ಫೀಸು ಇದ್ದೀತು.
ಹವಳ ಅಲ್ಲೇ ಬಿಳುಚಿತು.
ಮೀನು ಮಾತ್ರ ಸಾವನ್ನು ಒಡಲಲ್ಲಿಟ್ಟುಕೊಂಡು
ಟಿಕೇಟಿಲ್ಲದೆ ಬಳ್ಳಾರಿಗೆ ಬಂತು.

ಮಗನ ಹಳೇ ನೋಟುಬುಕ್ಕಿನಲ್ಲಿ ಬರೆಯತೊಡಗಿದೆ:
ಬಂದ ದಿನ, ಕಳಿಸಿದವರು, ಸತ್ತ ದಿನ.
ಸೇಠರ ಖಾತೆಯಲ್ಲಿ ಅದಕ್ಕೆ 'ವೇಸ್ಟೇಜು' ಎಂದು ಹೆಸರು.
ನಾಲ್ಕೇ ತಿಂಗಳಲ್ಲಿ ಒಬ್ಬ ಡೀಲರನ ಮುಂದೆ
ನಲವತ್ತೊಂದಕ್ಕೆ ಇಪ್ಪತ್ತೊಂಬತ್ತು.
ಫೋನು ಮಾಡಿದೆ. ಬಲೆ ಹಾಕಿ ಹಿಡಿದದ್ದೋ, ಮದ್ದು ಹಾಕಿಯೋ?
'ಅಮ್ಮಾ, ನಿಮ್ಮದು ಮೀನಂಗಡಿಯೋ, ಠಾಣೆಯೋ?'

ಆಮೇಲೆ ಗಣಿ ಸಾಹುಕಾರರ ಮ್ಯಾನೇಜರು ಬಂದ.
ಭಾನುವಾರ ಗೃಹಪ್ರವೇಶ, ನೀಲಿ ಟ್ಯಾಂಗ್ ಹತ್ತು ಬೇಕು,
ತೊಟ್ಟಿ ಮೂರಡಿ.
ಅದು ಮೊಳದ ಹತ್ತಿರ ಬೆಳೆಯುತ್ತದೆ ಸಾರ್,
ದಿನವಿಡೀ ಈಜುವ ಜಾತಿ, ಅಂದೆ.
'ಸತ್ರೆ ಮತ್ತೆ ತಗೊಂತೀವಿ ಬಿಡು.'
ಕೊಡಲಿಲ್ಲ.

ರಾತ್ರಿ ಶಟರು ಅರ್ಧ ಎಳೆದು ಸೇಠರು ಅಂದರು,
'ಉಪ್ಪು ತಿಂದ ಮನೆಗೆ ಎರಡು ಬಗೀಬಾರದು.'
ನನ್ನ ಬೆರಳ ಸಂದಿಯಲ್ಲಿ ಉಪ್ಪು ಬೆಳ್ಳಗೆ ಒಣಗಿತ್ತು.
ಯಾರ ಉಪ್ಪು ಅಂತ ಕೇಳಲು ಬಾಯಿ ಬಂತು.
ಕೇಳದೆ, ನೋಟುಬುಕ್ಕು ಮುಂದಿಟ್ಟೆ.
ಕನ್ನಡಕ ಹುಡುಕಿದರು. ಒಂದು ಪುಟ ಓದಿದರು.
ಇನ್ನೊಂದು.
ಚಿಲ್ಲರ್ ಗುಂಯ್‌ಗುಡುತ್ತಿತ್ತು.
'ಕೂಡಿಸೇ ಇಲ್ಲವಲ್ಲ' ಎಂದು
ತಾವೇ ಜೇಬಿನಿಂದ ಪೆನ್ನು ತೆಗೆದರು.

ಈಗ ಹಿಂದಿನ ಕೋಣೆಯಲ್ಲಿ, ಮಡಕೆಯ ಚೂರಿಗೆ
ಕಿತ್ತಳೆ ಬಣ್ಣದ ಮೊಟ್ಟೆಗಳು ಅಂಟಿವೆ.
ಗಂಡುಮೀನು ರೆಕ್ಕೆ ಬೀಸುತ್ತಾ ಕಾಯುತ್ತದೆ,
ಊಟದ ನೆನಪೂ ಇಲ್ಲದೆ.
ಮೊದಲ ಸಲ ಮುನ್ನೂರು ಒಡೆದು ಒಂದೂ ಉಳಿಯಲಿಲ್ಲ.
ಎರಡನೇ ಸಲ ಕರೆಂಟು ಹೋಯಿತು;
ಸೇಠರು ಮಲಗಿದ್ದ ಲುಂಗಿಯಲ್ಲೇ ಬಂದು
ಬೆಳತನಕ ಲೋಟದಿಂದ ನೀರೆತ್ತಿ ನೀರಿಗೆ ಸುರಿದರು.
ಒಂಬತ್ತು ಉಳಿದವು.

ನೋಟುಬುಕ್ಕನ್ನು ತಿರುಗಿಸಿ ಹಿಂದಿನಿಂದ ಶುರುಮಾಡಿದ್ದೇನೆ.
ಕಳಿಸಿದವರು: ಗೆರೆ.
ಊರು: ಬಳ್ಳಾರಿ.
ಮೂರರ ಬಿಳಿ ಪಟ್ಟೆ ಸೊಟ್ಟ.
ಗಿರಾಕಿ ಬೆಲೆ ಇಳಿಸು ಅಂತಾನೆ.
ಇಳಿಸಿಲ್ಲ.